ಪೆಡಲಿನ ಮೇಲಿಟ್ಟ ಕೈ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿ ದುಡಿದವನು ನಾನು. ಅಷ್ಟೂ ವರ್ಷಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಅಂಗಡಿಯಲ್ಲಿಯೂ ಒಂದು ಕಪ್ ಚಹಾ ಕುಡಿಯಲಿಲ್ಲ. ತಕ್ಕಡಿ ಪರೀಕ್ಷಿಸಲು ಹೋದವನು ಅಂಗಡಿಯವನ ಚಹಾ ಕುಡಿದರೆ ಮುಳ್ಳು ಆಗಲೇ ಒಂದು ಕಡೆಗೆ ವಾಲಿರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ನಿವೃತ್ತನಾದ ಮೇಲೆ ಕುಡಿಯಬಹುದಾಗಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನನ್ನು ಕರೆಯುವ ರೂಢಿಯೇ ಊರಿಗೆ ಬಿಟ್ಟುಹೋಗಿತ್ತು. ಮದುವೆಯಾದವನಲ್ಲ, ಗೋಕಾಕದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಎರಡು ಹೊತ್ತು ಖಾನಾವಳಿಯ ಊಟ. ಅಲ್ಲಿಯೂ ನಾನು ಕುಳಿತ ಬೆಂಚು ಬೇಗ ತುಂಬುವುದಿಲ್ಲ.

ನನ್ನ ಮನೆಯಲ್ಲಿ ಹತ್ತು ಹತ್ತು ಕಿಲೋದ ಎರಡು ಎರಕದ ಕಬ್ಬಿಣದ ತೂಕದ ಕಲ್ಲುಗಳಿವೆ. ಇವು ಇಲಾಖೆಯ ಸ್ವತ್ತಲ್ಲ. ನಿವೃತ್ತನಾದ ಮರುವರ್ಷ ಪರವಾನಗಿ ಉಳ್ಳ ವ್ಯಾಪಾರಿಯಿಂದ ಕೊಂಡು, ಅವಧಿ ತಪ್ಪದೆ ಮುದ್ರೆ ಹಾಕಿಸಿಕೊಂಡು ಬಂದವು. ಇದನ್ನು ಸ್ಪಷ್ಟಪಡಿಸಲು ಕಾರಣವಿದೆ. ಬೀಳ್ಕೊಡುಗೆಯ ದಿನ ನನಗೆ ಶಾಲು ಹೊದಿಸಿದ ಸಹೋದ್ಯೋಗಿಯೇ, “ಸಾಹೇಬ್ರ ಚೀಲ ಒಮ್ಮೆ ನೋಡ್ರೆಪಾ, ಕಲ್ಲ ಗಿಲ್ಲ ಒಯ್ಯಾಕತ್ತಾರೇನು” ಎಂದಿದ್ದ. ನಕ್ಕವರು ಹನ್ನೊಂದು ಜನ. ಒಬ್ಬೊಬ್ಬರ ಮುಖವೂ ನೆನಪಿದೆ.

ಆ ಕಲ್ಲುಗಳಿಂದ ತೂಗುವಂಥದ್ದು ಒಂಟಿ ಮನುಷ್ಯನ ಮನೆಯಲ್ಲಿ ಏನೂ ಇರುವುದಿಲ್ಲ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ ಇಡುತ್ತಿದ್ದೆ, ಅಷ್ಟೆ. ಹೀಗಿರುವಾಗ ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ತೆಳುವಾದ ರೇಸ್ ಸೈಕಲ್ಲೊಂದನ್ನು ಹೆಗಲಿಗೆ ತಗುಲಿಸಿಕೊಂಡು ಒಬ್ಬ ಹುಡುಗಿ ನನ್ನ ಮೆಟ್ಟಿಲು ಹತ್ತಿ ಬಂದಳು. ಮಸಗುಪ್ಪಿಯ ಕುರಿ ಸಾಕುವ ಮನೆತನದವಳು. ಗೋಕಾಕದ ಕಾಲೇಜಿನಲ್ಲಿ ಓದುತ್ತಿದ್ದಳು.

“ಅಜ್ಜಾರ, ನಿಮ್ಮ ಹತ್ರ ಖರೆ ಕಲ್ಲ ಅದಾವಂತಲ್ರಿ? ಸೈಕಲ್ ಅಂಗಡ್ಯಾಂವ ಹೇಳಿದ್ರಿ.”

“ನನ್ನ ಹತ್ರ ಇರೂ ಕಲ್ಲ ಎಲ್ಲಾ ಖರೆನ.”

“ಹಂಗಾರ ನಂದೊಂದು ಸುಳ್ಳ ಹಿಡಿದು ಕೊಡ್ರಿ.”

ಸುಳ್ಳು ಎಂದು ಅವಳು ಹೇಳಿದ್ದು ಸೈಕಲ್ಲಿನ ಪವರ್ ಮೀಟರನ್ನು. ಪೆಡಲು ಜೋಡಿಸುವ ಎಡಗಡೆಯ ಕ್ರ್ಯಾಂಕ್ ದಂಡಕ್ಕೆ ಹೆಬ್ಬೆರಳಿನ ಗಾತ್ರದ ಸಾಧನವೊಂದು ಅಂಟಿಕೊಂಡಿತ್ತು. ತುಳಿದಾಗ ದಂಡವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನು ಅಳೆದು, ಬಲಗಾಲಿನದೂ ಅಷ್ಟೇ ಎಂದು ಎಣಿಸಿ ಎರಡರಿಂದ ಗುಣಿಸಿ, ಸವಾರಳ ಕಾಲುಗಳು ಎಷ್ಟು ವ್ಯಾಟ್ ಶಕ್ತಿ ಕೊಡುತ್ತಿವೆ ಎಂದು ಹ್ಯಾಂಡಲ್ ಮೇಲಿನ ಪುಟ್ಟ ಪರದೆಗೆ ಅದು ತಿಳಿಸುತ್ತದೆ. ಹುಕ್ಕೇರಿಯ ತರಬೇತುದಾರನೊಬ್ಬನ ಕೈಕೆಳಗೆ ಅವಳು ಅಭ್ಯಾಸ ಮಾಡುತ್ತಿದ್ದಳು. ಕ್ರೀಡಾ ವಸತಿ ನಿಲಯದ ಆಯ್ಕೆಗೆ ಅವನು ಇಬ್ಬರು ಹುಡುಗಿಯರ ಹೆಸರು ಕಳುಹಿಸಬೇಕಾಗಿತ್ತು. ಮೊದಲನೆಯ ಹೆಸರಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ಎರಡನೆಯ ಸ್ಥಾನಕ್ಕೆ ಇವಳು ಮತ್ತು ಕಣಗಲಾದ ಒಬ್ಬ ಹುಡುಗಿ ಇದ್ದರು. ಇಪ್ಪತ್ತು ನಿಮಿಷ ಬಿಡದೆ ತುಳಿದಾಗ ಕಣಗಲಾದವಳ ಮೀಟರು ಸರಾಸರಿ ನೂರಾ ಅರವತ್ತಾರು ವ್ಯಾಟ್ ತೋರಿಸಿದರೆ, ಇವಳದು ನೂರಾ ಐವತ್ತೆರಡು.

“ರೋಡಿನ್ಯಾಗ ದಿನಾ ಆಕಿನ್ನ ಹಿಂದ ಬಿಡ್ತೇನ್ರಿ. ನೋಡಿದ್ರ ಮೀಟರಿನ್ಯಾಗ ನಾನ ಹಿಂದ. ಸರ್ ಅಂತಾರ, ರೋಡಿನ್ಯಾಗ ಗಾಳಿ ಇರ್ತೈತಿ, ಇಳಿಜಾರ ಇರ್ತೈತಿ, ನಂಬರ್ ಸುಳ್ಳ ಹೇಳೂದಿಲ್ಲ ಅಂತ.”

ಆ ಮಾತು ಕೇಳಿ ನನ್ನ ಮೈ ಉರಿಯಿತು. ಏಕೆಂದರೆ ಆ ತರಬೇತುದಾರ ಹುಕ್ಕೇರಿಯ ಹೈಸ್ಕೂಲಿನಲ್ಲಿ ನನ್ನ ಸಹಪಾಠಿ. ಶಾಲೆಯ ಸೈಕಲ್ ಪಂದ್ಯದ ದಿನ ಸ್ಟಾಪ್‌ವಾಚ್ ಹಿಡಿದಿದ್ದವನು ನಾನು. ಅವನು ಎರಡನೆಯವನಾದ. ಆಗ ಇಡೀ ಮೈದಾನಕ್ಕೆ ಕೇಳುವಂತೆ, “ಗಡಿಯಾರ ಹಿಡಿಯಾವ್ರಿಗೆ ಏನ್ ಗೊತ್ತಲೇ ಸೈಕಲ್ ಹೊಡಿಯೂದು?” ಎಂದಿದ್ದ. ಮೂರು ವರ್ಷಗಳ ಹಿಂದೆ ಗೋಕಾಕದಲ್ಲಿ ಅವನೇ ಏರ್ಪಡಿಸಿದ ಪಂದ್ಯದಲ್ಲಿ, ಓಟದ ದಾರಿ ಸಾರಿದ್ದಕ್ಕಿಂತ ಮುನ್ನೂರು ಮೀಟರು ಕಡಿಮೆ ಇದೆಯೆಂದು ಅಳೆದು ತೋರಿಸಿದೆ. ಅವನು ಮೈಕಿನಲ್ಲಿ, “ಸಾಹೇಬ್ರು ನಮ್ಮನ್ನೆಲ್ಲಾ ತೂಗಾಕ ಬಂದಾರ, ಒಬ್ಬೊಬ್ಬರ ತಕ್ಕಡ್ಯಾಗ ಕೂಡ್ರಿ” ಎಂದ. ಸಹಪಾಠಿಯಾದವನು ನನ್ನನ್ನು ‘ಲೇ’ ಎನ್ನದೆ ಸಾಹೇಬ್ರು ಎಂದದ್ದು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿತು. ನನ್ನನ್ನು ‘ಲೇ’ ಎನ್ನಬಲ್ಲವರು ಭೂಮಿಯ ಮೇಲೆ ಹೆಚ್ಚು ಜನ ಉಳಿದಿಲ್ಲ.

ಅಂಥವನು ಈಗ ಅಂಕಿಯ ಪೂಜಾರಿಯಾಗಿದ್ದಾನೆ! ಅವನ ಅಂಕಿಯನ್ನೇ ಸುಳ್ಳೆಂದು ಸಾಧಿಸುವ ಅವಕಾಶ ಮೆಟ್ಟಿಲು ಹತ್ತಿ ಬಂದಿತ್ತು. ಮೀಟರು ಕೆಟ್ಟಿರಲಿ ಎಂದು ನಾನು ಮನಸಾರೆ ಬಯಸಿದೆ. ಇದನ್ನು ಮುಚ್ಚಿಡುವುದಿಲ್ಲ.

ಮೂರು ದಿನ ಸಿದ್ಧತೆ ಮಾಡಿಕೊಂಡೆ. ಮೀಟರಿನ ಕೈಪಿಡಿಯನ್ನು ಎರಡು ಸಲ ಓದಿದೆ. ವಿಧಾನ ಸರಳ: ಸೈಕಲ್ಲನ್ನು ಅಲುಗದಂತೆ ನಿಲ್ಲಿಸಿ, ಪೆಡಲಿನ ಮೇಲೆ ಯಾವ ಭಾರವೂ ಇಲ್ಲದಾಗ ಮೀಟರನ್ನು ಸೊನ್ನೆಗೆ ಹೊಂದಿಸಬೇಕು. ಬಳಿಕ ದಂಡವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಪೆಡಲಿಗೆ ಗೊತ್ತಿರುವ ತೂಕ ನೇತುಹಾಕಿ, ಮೊಬೈಲಿನಲ್ಲಿ ಅದು ತೋರಿಸುವ ತಿರುಚು ಬಲವನ್ನು ಲೆಕ್ಕದೊಂದಿಗೆ ಹೋಲಿಸಬೇಕು. ಎರಡು ಕಲ್ಲು, ಅವುಗಳನ್ನು ತೂಗುಹಾಕುವ ಕೊಕ್ಕೆ ಮತ್ತು ಪಟ್ಟಿ ಸೇರಿ ಇಪ್ಪತ್ತು ಕಿಲೋ ಇನ್ನೂರಾ ನಲವತ್ತು ಗ್ರಾಂ. ದಂಡದ ಉದ್ದವನ್ನು ಮೂರು ಬಾರಿ ಅಳೆದೆ. ಲೆಕ್ಕದ ಪ್ರಕಾರ ಮೂವತ್ತೆರಡು ಪಾಯಿಂಟ್ ಏಳು ನ್ಯೂಟನ್ ಮೀಟರ್ ಬರಬೇಕು. ಪೆಡಲಿನ ಮೇಲೆ ಅರಿಶಿನದಂಥ ಹಳದಿ ಪುಡಿ ಮೆತ್ತಿಕೊಂಡಿತ್ತು. ಪರೀಕ್ಷೆಯ ವಸ್ತು ಶುಚಿಯಾಗಿರಬೇಕೆಂದು ಅದನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಸೊನ್ನೆಗೂ ನಾನೇ ಹೊಂದಿಸಿದೆ; ಹುಡುಗಿಯನ್ನು ಎರಡು ಮಾರು ದೂರ ನಿಲ್ಲಿಸಿದ್ದೆ. ಹತ್ತು ಸಲ ಕಲ್ಲು ತೂಗಿಬಿಟ್ಟೆ. ಹತ್ತು ಸಲವೂ ಮೂವತ್ತೆರಡು ಪಾಯಿಂಟ್ ಆರು.

ಮೀಟರು ಸರಿಯಾಗಿತ್ತು.

ನನ್ನ ಬಯಕೆಗೆ ವಿರುದ್ಧವಾದ ಫಲಿತಾಂಶ. ಅದಕ್ಕೇ ಇರಬೇಕು, ಅದನ್ನು ನಾನು ಇಮ್ಮಡಿ ನಂಬಿದೆ. ತನಗೆ ಬೇಡವಾದ ಸತ್ಯವನ್ನೂ ಬರೆಯಬಲ್ಲ ಮನುಷ್ಯನೆಂಬ ಹೆಮ್ಮೆಯಿಂದ, ಉದ್ದ ಹಾಳೆಯ ಮೇಲೆ ಹತ್ತೂ ಅಳತೆಗಳನ್ನು ನಮೂದಿಸಿ, ‘ಸಾಧನವು ನಿಖರವಾಗಿದೆ’ ಎಂದು ಬರೆದು ಸಹಿ ಮಾಡಿದೆ. ಹುಡುಗಿ ಅದನ್ನು ನಿಂತುಕೊಂಡೇ ಓದಿದಳು.

“ಹಂಗಾರ ನಾನ ಕಮ್ಮಿ ಅನ್ರಿ.”

“ಯಂತ್ರ ಸರಿ ಐತಿ ಅಂತಷ್ಟ ನಾ ಬರದೇನಿ.”

“ಎರಡೂ ಒಂದ ಅಲ್ರಿ, ಅಜ್ಜಾರ?”

ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಇಳಿದು ಹೋದಳು. ಮರುದಿನ ತರಬೇತುದಾರ ಫೋನು ಮಾಡಿದ. ಅವನ ನಂಬರಿನಿಂದ ನನಗೆ ಬಂದ ಮೊದಲ ಕರೆ. “ಸಾಹೇಬ್ರ, ನಿಮ್ಮಂಗ ಖರೆ ಬರಿಯಾವ್ರು ಈ ಜಿಲ್ಲಾದಾಗ ಇಲ್ಲ ಬಿಡ್ರಿ. ಆ ಹುಡಿಗಿ ನಿಮ್ಮ ಪತ್ರ ತಂದು ಕೊಟ್ಟು, ನಾ ಕಮ್ಮಿ ಇದ್ದೇನಿ, ಆಕಿನ್ನ ಕಳಸ್ರಿ ಅಂದ್ಲು. ಒಂದು ತಲಿಬ್ಯಾನಿ ಹೋತು.” ಆ ಹೊಗಳಿಕೆಯನ್ನು ನಾನು ಎರಡು ದಿನ ಮೆಲುಕು ಹಾಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಎರಡು ದಿನ ಎಂದು ಬರೆಯುವುದು ನ್ಯಾಯ, ಏಕೆಂದರೆ ಎರಡು ದಿನವೇ.

ಮೂರನೆಯ ದಿನ ಮನೆ ಮತ್ತೆ ಎಂದಿನಂತಾಯಿತು. ಪರೀಕ್ಷೆಯ ಆ ಕೆಲವು ದಿನಗಳಲ್ಲಿ ಕೋಣೆಯೊಳಗೆ ಇನ್ನೊಬ್ಬರ ಚಪ್ಪಲಿಯ ಸಪ್ಪಳವಿತ್ತು; ‘ಇದ ಯಾಕ್ರಿ, ಅದ ಯಾಕ್ರಿ’ ಎಂದು ಕೇಳುವ ದನಿ ಇತ್ತು. ಅವಳು ಸೈಕಲ್ಲಿನ ಬೋಲ್ಟು ತಿರುಗಿಸುವ ತನ್ನ ಅಲನ್ ಕೀಯನ್ನು ನನ್ನ ಮೇಜಿನ ಮೇಲೆ ಮರೆತು ಹೋಗಿದ್ದಳು. ಬೆರಳುದ್ದದ ಆ ಕಬ್ಬಿಣದ ತುಂಡನ್ನು ಅಂಚೆಯಲ್ಲಿ ಕಳುಹಿಸಬಹುದಾಗಿತ್ತು; ಸೈಕಲ್ ಅಂಗಡಿಯಲ್ಲಿ ಕೊಡಬಹುದಾಗಿತ್ತು. ನಾನು ಮುಂಜಾನೆಯ ಮೊದಲ ಬಸ್ಸು ಹಿಡಿದು ಮಸಗುಪ್ಪಿಗೆ ಹೋದೆ.

ಕುರಿಹಟ್ಟಿಯ ಪಕ್ಕದ ಮನೆಯ ಮುಂದೆ ಹುಡುಗಿ ಸೈಕಲ್ಲನ್ನು ಗೋಡೆಗೆ ಒರಗಿಸಿ ನಿಂತಿದ್ದಳು. ಆಯ್ಕೆ ತಪ್ಪಿದರೂ ಅಭ್ಯಾಸ ಬಿಟ್ಟಿರಲಿಲ್ಲ. ಕಟ್ಟೆಯ ಮೇಲೆ ಅವಳ ಅಜ್ಜಿ, ಹಣೆ ತುಂಬ ಭಂಡಾರ, ಅಂದರೆ ದೇವರ ಅರಿಶಿನ, ಬಳಿದುಕೊಂಡು ಕುಳಿತಿದ್ದರು. ನಾನು ಬೇಲಿಯ ಬಳಿ ನಿಂತುಬಿಟ್ಟೆ. ಇಬ್ಬರೂ ನನ್ನನ್ನು ಇನ್ನೂ ನೋಡಿರಲಿಲ್ಲ.

ಹುಡುಗಿ ಎಡ ಪೆಡಲನ್ನು ಮುಂದಕ್ಕೆ ತಂದಳು. ಅಜ್ಜಿ ಅದರ ಮೇಲೆ ಚಿಟಿಕೆ ಭಂಡಾರ ಉದುರಿಸಿದರು. ಹುಡುಗಿ ಬಗ್ಗಿ, ಬಲಗೈಯನ್ನು ಪೆಡಲಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಎಡಗೈ ಮಾತ್ರ ಮೇಲೆ ಹ್ಯಾಂಡಲಿನಲ್ಲಿತ್ತು. ಅದರ ಹೆಬ್ಬೆರಳು ಪರದೆಯ ಗುಂಡಿಯನ್ನು ಒತ್ತಿತು. ಮೀಟರು ಸೊನ್ನೆಗೆ ಬರಲು ಕೆಲವು ಕ್ಷಣ ಬೇಕು. ಆ ಕ್ಷಣಗಳಷ್ಟೂ ಅವಳ ಬಲಗೈ ಪೆಡಲಿನ ಮೇಲೆಯೇ ಇತ್ತು. ‘ಟಿಂವ್’ ಎಂದು ಸದ್ದಾದ ಮೇಲೆ ಕೈ ಎತ್ತಿ ಕಣ್ಣಿಗೆ ಒತ್ತಿಕೊಂಡಳು.

ಮೂವತ್ತೆರಡು ವರ್ಷ ನಾನು ಹಿಡಿದ ಮೋಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಜಾತಿಯವು. ತಕ್ಕಡಿಗೆ ಮುದ್ರೆ ಇರುತ್ತದೆ, ಕಲ್ಲಿಗೆ ಮುದ್ರೆ ಇರುತ್ತದೆ. ಅಂಗಡಿಯವನ ಹೆಬ್ಬೆರಳು ತಟ್ಟೆಯ ಅಂಚಿನಲ್ಲಿರುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ನಾನು, ‘ಮೊದಲು ಕೈ ನೋಡಿ, ಆಮೇಲೆ ಕಲ್ಲು ನೋಡಿ’ ಎಂದು ಪಾಠ ಹೇಳಿದವನು. ಇಲ್ಲಿ ತಟ್ಟೆಯ ಮೇಲಿದ್ದುದು ಭಕ್ತಿಯ ಕೈ. ಮೋಸ ಹೋದವಳು ಆ ಕೈಯವಳೇ. ಅದರ ಗುರುತು ಹಳದಿಯಾಗಿ ನನ್ನ ಎದುರಿಗೇ ಬಂದು ಕುಳಿತಿತ್ತು. ನಾನು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದ್ದೆ. ಅವಳನ್ನು ಎರಡು ಮಾರು ದೂರ ನಿಲ್ಲಿಸಿದ್ದೆ.

“ಯಾರದು ಅಲ್ಲಿ? ಕುರಿ ಕೊಳ್ಳಾಕ ಬಂದಾರೇನು?” ಎಂದು ಅಜ್ಜಿ ಕೂಗಿದರು.

“ಇಲ್ಲ ಆಯಿ, ಕಲ್ಲಿನ ಅಜ್ಜಾರು” ಎಂದಳು ಹುಡುಗಿ. ದನಿಯಲ್ಲಿ ಬೆಚ್ಚಗಿನದೇನೂ ಇರಲಿಲ್ಲ.

ನಾನು ಅಲನ್ ಕೀ ಕೊಡುವುದನ್ನೂ ಮರೆತು, “ದಿನಾ ಹಿಂಗ ಮಾಡ್ತೀಯೇನ್ ಯವ್ವಾ? ಕೈ ಇಟ್ಟಾಗನ ಗುಂಡಿ ಒತ್ತತೀಯೇನು?” ಎಂದೆ.

“ಹೂಂನ್ರಿ. ಅದ ಸೊನ್ನಿ ಆಗೂತನಾ ಸುಮ್ನ ನಿಂದ್ರಬೇಕಲ್ರಿ. ಆ ಟೈಮಿನ್ಯಾಗ ದೇವರ ನೆನೀತೇನಿ.”

ಅಜ್ಜಿ ನಡುವೆ ಬಾಯಿ ಹಾಕಿದರು: “ನಾನ ಹೇಳೇನ್ರಿ. ದಿನಾ ಕಾಲಿಂದ ತುಳಿಯೂ ವಸ್ತು. ಮೊದಲ ಕೈಲೆ ಮುಟ್ಟಿ, ತುಳೀತೇನಿ ಸಿಟ್ಟಾಗಬ್ಯಾಡ ಅನಬೇಕು. ತಪ್ಪೇನ್ರಿ ಅದು?”

ಮತ್ತೊಮ್ಮೆ ಹಾಗೆಯೇ ಮಾಡಲು ಹೇಳಿದೆ. ಮಾಡಿದಳು. ಕೈ ಎತ್ತಿದಾಗ, ಪೆಡಲಿನ ಮೇಲೆ ಏನೂ ಇಲ್ಲದೆಯೂ, ಅವಳ ಮೊಬೈಲಿನಲ್ಲಿ ಸೊನ್ನೆಯ ಬದಲು ‘ಮೈನಸ್ ಒಂದು’ ಕಾಣಿಸಿತು. ಕೈಯ ಭಾರ ಅರ್ಧ ಕಿಲೋಗಿಂತ ತುಸು ಹೆಚ್ಚಿರಬಹುದು. ಅದನ್ನೇ ಸೊನ್ನೆ ಎಂದು ತಿಳಿದ ಮೀಟರು, ಆಮೇಲಿನ ಪ್ರತಿಯೊಂದು ತುಳಿತದಿಂದ ಅಷ್ಟನ್ನು ಕಳೆದು, ಆ ಕೊರತೆಯನ್ನೂ ಎರಡರಿಂದ ಗುಣಿಸುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಅವಳು ತುಳಿಯುವ ವೇಗಕ್ಕೆ ಹದಿನೆಂಟು ವ್ಯಾಟಿನ ಆಸುಪಾಸು.

“ನೀ ಕಮ್ಮಿ ಇಲ್ಲ. ನನ್ನ ಪತ್ರ ಕಮ್ಮಿ ಐತಿ” ಎಂದೆ. ಕ್ಷಮಿಸು ಎಂಬ ಮಾತು ನನ್ನ ನಾಲಿಗೆಗೆ ರೂಢಿಯಿಲ್ಲ; ಎಷ್ಟೋ ಜನರಿಂದ ಅದನ್ನು ನಿರೀಕ್ಷಿಸಿದ್ದೇನೆ, ಯಾರೂ ಹೇಳಲಿಲ್ಲ. ಅಂದು ಅದು ಬಾಯಿಯ ತನಕ ಬಂದು ನಿಂತಿತು. ಅಜ್ಜಿ ಒಳಗೆ ಹೋಗಿ ಚಹಾ ತಂದರು. ಹಳೆಯ ಅಭ್ಯಾಸದಿಂದ ಬೇಡವೆಂದು ಕೈ ಎತ್ತಿದೆ. “ಯಾಕ್ರಿ, ನಮ್ಮಂಥವ್ರ ಮನ್ಯಾಗ ಕುಡಿಯೂದಿಲ್ಲೇನು?” ಎಂದರು. ಗಾಬರಿಯಾಗಿ ಕಪ್ಪು ತೆಗೆದುಕೊಂಡೆ. ಕುರಿಹಾಲಿನ ಚಹಾ, ಬೆಲ್ಲ ಹೆಚ್ಚು. ಮುಗಿಸಿದೆ.

ಹೆಸರು ಕಳುಹಿಸಲು ಇನ್ನು ನಾಲ್ಕು ದಿನ ಉಳಿದಿದ್ದವು. ಅಲ್ಲಿಂದ ನೇರವಾಗಿ ಹುಕ್ಕೇರಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ: ನನ್ನ ಇಡೀ ಸೇವೆಯಲ್ಲಿ ಒಂದು ಪ್ರಮಾಣಪತ್ರವನ್ನೂ ಹಿಂದಕ್ಕೆ ಪಡೆದವನಲ್ಲ. ಪಡೆಯಬೇಕಾದ ಮೊದಲನೆಯದು ಅವನ ಕೈಯಲ್ಲಿಯೇ ಇರಬೇಕೆ?

ತರಬೇತುದಾರ ತನ್ನ ಶೆಡ್ಡಿನಲ್ಲಿ ಟ್ಯೂಬಿಗೆ ಗಾಳಿ ತುಂಬುತ್ತಿದ್ದ. “ಬರ್ರಿ ಸಾಹೇಬ್ರ! ಇಲ್ಲಿ ಯಾವ ತಕ್ಕಡಿ ಕೆಟ್ಟೈತಿ?”

“ತಕ್ಕಡಿ ಕೆಟ್ಟಿಲ್ಲ. ನಾ ಕೊಟ್ಟ ಪತ್ರ ವಾಪಸ್ ಬೇಕಾಗೇತಿ.”

ಅವನು ಗೋಡೆಯತ್ತ ಬೆರಳು ತೋರಿಸಿದ. ನನ್ನ ಪತ್ರ ಅಲ್ಲಿ ಮೊಳೆಗೆ ತೂಗುತ್ತಿತ್ತು. “ಲ್ಯಾಮಿನೇಷನ್ ಮಾಡ್ಸೇನ್ರಿ ಅದನ್ನ. ತಂದಿ ತಾಯಿ ಜಗಳಕ್ಕ ಬಂದ್ರ ತೋರಸಾಕ ಪಾಡ ಐತಿ.”

ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಅವನು ಪಂಪನ್ನು ಕೆಳಗಿಟ್ಟ. ಮೊದಲು ನಗುತ್ತಾನೆಂದು ತಿಳಿದಿದ್ದೆ, ನಗಲಿಲ್ಲ.

“ಖರೆ ಹೇಳಬೇಕಂದ್ರ ನಂಗೂ ಸಂಶೆ ಇತ್ತು. ರೋಡಿನ್ಯಾಗ ಆಕಿ ಹಂಗ ಹೋಗೂದು ನೋಡೇನಿ. ನಿಮ್ಮ ಪತ್ರ ಬಂದ ಮ್ಯಾಲ ಬಾಯಿ ಮುಚ್ಚಿಕೊಂಡ್ನಿ. ಆದ್ರ ಒಂದು ಮಾತು. ಕಣಗಲಾದಾಕಿಗೆ ‘ನಿನ್ನ ಹೆಸರು ಐತಿ’ ಅಂತ ಹೇಳಿಬಿಟ್ಟೇನಿ. ಒಬ್ಬಾಕಿನ್ನ ಏರಿಸಬೇಕಂದ್ರ ಒಬ್ಬಾಕಿನ್ನ ಇಳಿಸಬೇಕು. ಆ ಮಾತು ಹೇಳಾವ್ರು ಯಾರು? ನೀವ?”

“ಇಬ್ಬರನ್ನೂ ಒಂದ ದಿನ, ಒಂದ ರೋಡಿಗೆ ಓಡಸ್ರಿ. ಎರಡೂ ಮೀಟರ್ ನಾನ ನೋಡ್ತೇನಿ. ಆಮ್ಯಾಲ ಬಂದ ನಂಬರ್ ನಾನ ಹೇಳ್ತೇನಿ.”

ಅವನು ಮೊಳೆಯಿಂದ ಪತ್ರವನ್ನು ಕಿತ್ತು ಕೊಟ್ಟ. ಲ್ಯಾಮಿನೇಷನ್ ಆದ ಹಾಳೆಯನ್ನು ಹರಿಯಲಾಗುವುದಿಲ್ಲ ಎಂದು ಅಂದು ತಿಳಿಯಿತು. ಅವನ ಕತ್ತರಿ ಕೇಳಿ ಪಡೆದೆ.

ಎರಡು ದಿನಗಳ ಬಳಿಕ ಕಣಗಲಾ ಬಳಿ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಪರೀಕ್ಷೆ ನಡೆಯಿತು. ಕಲ್ಲುಗಳನ್ನು ಎರಡು ಚೀಲಗಳಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಎರಡೂ ಮೀಟರುಗಳಿಗೆ ಕಲ್ಲು ತೂಗಿ ನೋಡಿದೆ, ಎರಡೂ ಸರಿ. ಕಣಗಲಾದ ಹುಡುಗಿ ತನ್ನ ತಂದೆಯ ಜೊತೆ ಬಂದಿದ್ದಳು. ಸೊನ್ನೆಗೆ ಹೊಂದಿಸುವಾಗ ಇಬ್ಬರ ಕೈಗಳನ್ನೂ ನೋಡಿದೆ. ಮಸಗುಪ್ಪಿಯವಳು ಗುಂಡಿ ಒತ್ತಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಸದ್ದಾದ ಮೇಲೆ ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಷ್ಟು ಸುಲಭವಾಗಿತ್ತು ಅದು. ಮುಂದೆ ಅವಳಿಗೆ ನನ್ನಿಂದ ಆಗಬೇಕಾದದ್ದು ಏನೂ ಉಳಿಯಲಿಲ್ಲ.

ಇಪ್ಪತ್ತು ನಿಮಿಷ. ತರಬೇತುದಾರ ಕಣಗಲಾದವಳ ತಂದೆಯ ಮೋಟರ್ ಸೈಕಲ್ ಕೇಳಿ ಪಡೆದು ಹಿಂದೆ ಹೋದ. ನಾನು ಮತ್ತು ಆ ತಂದೆ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. ಅವರು ನನ್ನನ್ನು ಒಂದೇ ಮಾತು ಕೇಳಿದರು: “ನಮ್ಮ ಹುಡಿಗಿ ನಿಮಗ ಏನ್ ಮಾಡಿತ್ರಿ?”

ಹಿಂದಿರುಗಿದಾಗ ಎರಡೂ ಪರದೆಗಳನ್ನು ಓದಿದೆ. ಮಸಗುಪ್ಪಿ, ನೂರಾ ಎಪ್ಪತ್ತೊಂದು. ಕಣಗಲಾ, ನೂರಾ ಅರವತ್ತೇಳು. ಒಪ್ಪಿಕೊಂಡಿದ್ದಂತೆ ನಾನೇ ಗಟ್ಟಿಯಾಗಿ ಹೇಳಿದೆ. ಮಸಗುಪ್ಪಿಯವಳು ಅಳುತ್ತ ನಗುತ್ತ ಅಜ್ಜಿಗೆ ಫೋನು ಹಚ್ಚಿದಳು. ತರಬೇತುದಾರ ಅರ್ಜಿಗೆ ಸಹಿ ಹಾಕಿಸಲು ಅವಳನ್ನು, ಅವಳ ಸೈಕಲ್ಲನ್ನು ತಾನು ತಂದಿದ್ದ ಟೆಂಪೋಗೆ ಹತ್ತಿಸಿಕೊಂಡ. “ಈಗ ಸಮಾಧಾನ ಆತಿಲ್ರಿ ಸಾಹೇಬ್ರ?” ಎಂದ. ಟೆಂಪೋದಲ್ಲಿ ಇನ್ನೂ ಜಾಗವಿತ್ತು. ಬರ್ರಿ ಎನ್ನಲಿಲ್ಲ. ಹುಡುಗಿ ಕೈ ಬೀಸಿದಳೋ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳೋ, ದೂರದಿಂದ ತಿಳಿಯಲಿಲ್ಲ. ತಿಳಿಯದ್ದನ್ನು ಹೀಗೇ ಎಂದು ಬರೆಯಲಾರೆ.

ಬಸ್ಸಿಗಾಗಿ ತಂಗುದಾಣದ ಕಟ್ಟೆಯ ಮೇಲೆ ಕುಳಿತೆ. ತಂದೆ ಮೋಟರ್ ಸೈಕಲ್ ತರಲು ಹೋಗಿದ್ದರು. ಕಣಗಲಾದ ಹುಡುಗಿ ಸೈಕಲ್ಲನ್ನು ತಳ್ಳಿಕೊಂಡು ಬಂದು ನನ್ನ ಎದುರು ನಿಂತಳು. ಮುಖವೆಲ್ಲ ಬೆವರು ಒಣಗಿ ಉಪ್ಪಾಗಿತ್ತು.

“ಅಜ್ಜಾರ, ನನ್ನ ಮೀಟರಿನ್ಯಾಗ ಏನರ ಫರಕ್ ಐತೇನ್ರಿ? ಸ್ವಲ್ಪರ?”

ಇದೆ ಎಂದಿದ್ದರೆ ಅವಳು ಆ ರಾತ್ರಿ ನಿದ್ದೆ ಮಾಡುತ್ತಿದ್ದಳು. ನನ್ನನ್ನು ಕಂಡಲ್ಲೆಲ್ಲ ನಮಸ್ಕಾರವನ್ನೂ ಮಾಡುತ್ತಿದ್ದಳೇನೋ.

“ಇಲ್ಲ ಯವ್ವಾ. ಎರಡು ಸಲ ನೋಡೇನಿ. ಸರಿ ಐತಿ.”

“ನನ್ನ ಕೈ?”

“ಕೈನೂ ಸರಿ ಇತ್ತು.”

ತಲೆಯಾಡಿಸಿದಳು. ಬಸ್ಸು ಬರುವವರೆಗೂ ಇಬ್ಬರೂ ಅಲ್ಲಿಯೇ ಇದ್ದೆವು. ನಾನು ಎದ್ದು ಕಲ್ಲಿನ ಚೀಲಗಳನ್ನು ಎತ್ತಿಕೊಳ್ಳಲು ಹೋದಾಗ ಅವಳು ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಒಂದು ಚೀಲವನ್ನು ಎರಡೂ ಕೈಗಳಿಂದ ಎತ್ತಿ ಬಸ್ಸಿನ ಬಾಗಿಲೊಳಗೆ ಇಟ್ಟಳು. ನನ್ನ ಮುಖ ನೋಡಲಿಲ್ಲ.